ಹಸರು ನೋಡ್ರಿ

ದಿನಾ ಒಂದೀಟು ಹಸರು ನೋಡ್ರಿ, ಅಂದ ಕಣ್ಣಿನ ಡಾಕ್ಟರ,
ಮೂವತ್ತು ವರ್ಷ ಎಳಿ ಎಣಿಸಿದ ಕಣ್ಣಿಗೆ
ಔಷಧದ ಚೀಟಿ ಬರಕೋತ.
ನವನಗರದ ನರ್ಸರಿಗೆ ಹೋಗಿ ನಾನು ತಂದದ್ದು
ಅರ್ಧ ಬಿಳೀದು.

ದಸ್ತಗೀರ ಮೊದಲ ತೋರಿಸಿದ್ದು ಹಾಲಿನಂಥಾದ್ದು.
"ಇದಕ್ಕ ಭಾಳ ಗಿರಾಕಿ, ಅಕ್ಕಾರ, ಫೋಟೋಕ್ಕ ಛಲೋ ಬರತೈತಿ."
ನಾನು ಎಲಿ ತಿರುವಿ ಹಿಂಬದಿ ನೋಡಿದೆ,
ಖಣ ಕೊಳ್ಳೋವಾಗ ನೋಡಿದಂಗ.
ಮುಖ ಎಲ್ಲಾರೂ ನೇಯತಾರ,
ಬೆನ್ನ ಮ್ಯಾಲ ಗೊತ್ತಾಗತೈತಿ ಕೈ.
ದಂಟು ನೋಡಿದೆ. ಹಸರಿನೊಳಗ ಬಿಳಿ ಗೆರಿ
ಬುಡದಿಂದ ತುದಿತನಕ ಹರಿದಿರಬೇಕು,
ಹಾಸಿನ ಎಳಿ ಹಂಗ;
ಎಲಿ ಮ್ಯಾಲಷ್ಟ ಬಂದು ಹೋದ ಬಿಳಿ
ಮುಂದ ಬರಾಂಗಿಲ್ಲ.
ಮೂಲ್ಯಾಗ ನಿಂತಿದ್ದ ಬಡಕಲು ಸಿಂಗೋನಿಯಂ ತಗೊಂಡೆ,
ನಾಕು ಎಲಿ, ಮುನ್ನೂರ ಐವತ್ತು ರೂಪಾಯಿ.
"ಕಣ್ಣು ಹೋಗ್ಯಾವು ಅಂತೀರಿ," ನಕ್ಕ ದಸ್ತಗೀರ.

ಗುಳೇದಗುಡ್ಡದ ಬಸ್ಸಿನಾಗ ತೊಡಿ ಮ್ಯಾಲ ಇಟಗೊಂಡು ಬಂದೆ.
ಕಂಡಕ್ಟರ ಕೇಳಿದ: ಯಾಕ್ರಿ, ಬ್ಯಾನಿ ಬಂದೈತೇನು ಇದಕ್ಕ?

ನಮ್ಮದು ಕಲ್ಲಿನ ಮನಿ. ಕಿಡಕಿ ಒಂದ, ಪಾಟಿಯಷ್ಟು.
ಮಾಳಗಿ ಮ್ಯಾಲ ಒಂದು ಮಧ್ಯಾಹ್ನ ಇಟ್ಟಿದ್ದೆ,
ಬಿಳಿ ಎಲ್ಲಾ ಇಸ್ತ್ರಿ ಮರತುಬಿಟ್ಟ ಅರಿವಿ ಆತು,
ಹಸರಿಗೆ ಏನೂ ಆಗಲಿಲ್ಲ.
ಕತ್ತಲಾಗ ಇಟ್ಟರ ಬಿಳಿ ಮಾಯ ಆಗತೈತಂತ.
ಕಡೀಕ ಮಗ್ಗದ ಎದುರ, ಕಿಡಕಿಯಿಂದ ಎರಡು ಮೊಳ,
ಬಿಸಲು ನೆಲಕ್ಕ ಬಿದ್ದು ಎದ್ದು ಬರೋ ಜಾಗ.

ಬೋರಿನ ನೀರು ಆಗಿಬರಲಿಲ್ಲ.
ಕುಂಡದ ಅಂಚಿಗೆ ಉಪ್ಪು, ಎಲಿ ಅಂಚಿಗೆ ಸುಟ್ಟ ಕಂದು.
ಬ್ಯಾಂಕಿನ ಎ.ಸಿ. ತೊಟ್ಟಿಕ್ಕೋ ಪೈಪಿಗೆ
ಬಕೀಟ ಇಟ್ಟು ಬಂದೆ. ವಾಚಮನ್ ಪರಸಪ್ಪ
"ಇದಕ್ಕೂ ಪಾಸಬುಕ್ ಬೇಕ್ರಿ" ಅಂತಾನ; ಸಂಜಿಗೆ
ತುಂಬಿದ ಬಕೀಟ ತಾನ ಮೆಟ್ಟಲಿಗೆ ತಂದಿಡತಾನ.
ಬೆರಳು ಮಣ್ಣಾಗ ಒಂದು ಗೆಣ್ಣು ಇಳಿಸಿ ನೋಡತೀನಿ:
ಒಣಗಿದ್ದರ ನೀರು. ಹಸಿ ಇದ್ದರ ಮಾತಷ್ಟ.

ಹೊಸ ಎಲಿ ಬರೋದು ಕಂಡಿಕಿ ಹಂಗ ಸುತಗೊಂಡು.
ಮೂರು ದಿನ ಬಿಚ್ಚತೈತಿ.
ಒಂದಕ್ಕ ಸೀಳಿದಂಗ ಅರ್ಧ,
ಒಂದಕ್ಕ ಹಿಟ್ಟು ಜರಡಿ ಹಿಡಿದಂಗ,
ಒಂದಕ್ಕ ಬರೇ ಸುಣ್ಣ ಹತ್ತಿದ ಬೆರಳಿನ ಗುರುತು.
ಒಂದರಂಗ ಒಂದಿಲ್ಲ.
ನನ್ನ ಖಣದಾಗ ಹಂಗ ಆದರ
ಸಾವಕಾರ ಭೂತಗನ್ನಡಿ ಹಿಡಿದು ಕೂಲಿ ಮುರೀತಾನ.
ಕ್ಯಾದಗಿ ಮುಗದಲ್ಲಿ ಕ್ಯಾದಗಿನ ಬರಬೇಕು,
ಗಜಕ್ಕ ಗಜ, ಸಾಯೂತನಕ.

"ಬಿಳೀದು ಏನ ಕೆಲಸ ಮಾಡತೈತಿ?" ಕೇಳಿದಳು ನಿಂಬೆವ್ವತ್ತಿ.
ಏನೂ ಇಲ್ಲ. ಹಸರು ದುಡೀತೈತಿ, ಬಿಳೀದು ಉಣತೈತಿ.
"ನಿಮ್ಮ ಮಾವನಂಗ," ಅಂದಳು.

ಮಳಿಗಾಲಕ್ಕ ಬುಡದಿಂದ ಪೂರ್ತಿ ಹಸರಿನ ಕುಡಿ ಎದ್ದಿತು,
ದಷ್ಟಪುಷ್ಟ, ವಾರಕ್ಕೊಂದು ಎಲಿ.
ಅದ ಹೊತ್ತಿಗೆ ತುದಿಯಾಗ ಪೂರ್ತಿ ಬಿಳೀ ಎಲಿ ಬಂತು,
ಅಷ್ಟು ಚಂದ ನಾನು ನೇಯ್ದಿಲ್ಲ.
ಇಪ್ಪತ್ತೆರಡು ದಿನ ಇತ್ತು.

ದಸ್ತಗೀರ ಫೋನಿನಾಗ ಹೇಳಿದ: ಹಸರಿನ ಕುಡಿ ಕೊಯ್ದಬಿಡ್ರಿ,
ಇಲ್ಲಾಂದ್ರ ಗಿಡ ಎಲ್ಲಾ ಅದ ಆಕ್ಕೈತಿ.
ದಿನಕ್ಕ ನೂರು ಎಳಿ ಕತ್ತರಸೋ ಕೈ
ಕತ್ತರಿ ಹಿಡಿದು ಒಂದು ವಾರ ಸುಮ್ಮನ ಇತ್ತು.
ಗಟ್ಟಿ ಇದ್ದದ್ದನ್ನ ಕಡದು
ಸೊರಗಿದ್ದನ್ನ ಉಳಸೋದು
ಜ್ವಾಪಾನೋ, ನನ್ನ ಕಣ್ಣಿನ ಚಟಾನೋ?

ಗೆಣ್ಣಿನ ಕೆಳಗ ಕೊಯ್ದೆ. ಹಾಲು ಬಂತು. ಕೈ ಕೆರೀತು.
ಕೊಯ್ದದ್ದನ್ನ ಉಪ್ಪಿನಕಾಯಿ ಬಾಟಲಿಯ ನೀರಿಗೆ ಹಾಕಿದೆ.
ಈಗ ಅದು ಅತ್ತಿಯ ಗೂಡಿನಾಗ ಬೇರು ಬಿಟ್ಟೈತಿ,
ಬೋರಿನ ನೀರೂ ಕುಡೀತೈತಿ.
ಬಂದವರಿಗೆ ತೋರಸತಾಳ: ಇದು ನಂದು, ರೋಗಿಲ್ಲ.

ಹೋದ ವಾರ ಮತ್ತ ದವಾಖಾನಿ. ನಂಬರ ಏರೈತಿ.
ಹಸರು ನೋಡತೀರೇನು, ಕೇಳಿದ ಡಾಕ್ಟರ.
ಅರ್ಧ, ಅಂದೆ.
ಅವಗ ತಿಳೀಲಿಲ್ಲ, ಚೀಟಿ ಬರದ.

ಮನಿಗೆ ಬಂದು ತಗ್ಗಿಗೆ ಇಳದು ಕುಂತೆ.
ಎದುರ ಒಂದು ಎಲಿ ಬಿಚ್ಚಲಿಕ್ಕ ಹತ್ತಿತ್ತು, ಎಷ್ಟು ಬಿಳಿ
ಇನ್ನೂ ಗೊತ್ತಾಗವಲ್ದು.
ಲಾಳಿ ಕೈಯಾಗ ಇತ್ತು.